ಅಲಂಪುರದಿಂದ ಕೂಡಲಸಂಗಮಕ್ಕೆ: ಬೇಸಿಗೆಯ ಪ್ರವಾಸಕ್ಕೊಂದು ಸಿದ್ಧತೆ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ. ಮಕ್ಕಳಿಗೆ ಹೊಸ ಊರು ಬೇಕು. ಹೆಣ್ಣುಮಕ್ಕಳಿಗೆ ತವರಿನ ಕಡೆಯ ನೆಂಟರನ್ನು ಕಾಣಬೇಕು. ಹಿರಿಯರಿಗೆ ಕಣ್ಣು ಕಾಲುಗಳು ಗಟ್ಟಿಯಿರುವಾಗಲೇ ಒಂದೆರಡು ಕ್ಷೇತ್ರಗಳ ದರ್ಶನವಾಗಬೇಕು. ಈ ಮೂರು ಆಸೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದು ಸುಲಭದ ಕೆಲಸವಲ್ಲ. ಪ್ರವಾಸವು ಸುಖಕರವಾಗುವುದೋ ತ್ರಾಸದಾಯಕವಾಗುವುದೋ ಎಂಬುದು ಬಹುಮಟ್ಟಿಗೆ ಮನೆಯ ಹೊಸ್ತಿಲು ದಾಟುವ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ನಮ್ಮ ಬಂಧುಗಳಲ್ಲಿ ಕೆಲವರು ಮಕ್ಕಳಿರುವ ಅಮೆರಿಕಕ್ಕೂ ಕೊಲ್ಲಿಯ ನಾಡುಗಳಿಗೂ ಹೋಗಿಬಂದಿದ್ದಾರೆ. ಅವರ ಪಯಣಕ್ಕೆ ಪಾಸ್‌ಪೋರ್ಟು, ವೀಸಾ ಬೇಕು. ಸಾಮಾನನ್ನು ತಕ್ಕಡಿಗೆ ಹಾಕಿ ತೂಗಬೇಕು. ಆದರೆ ಅಲಂಪುರ, ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಕನ್ನಡ ಕುಟುಂಬಗಳಿಗೆ ಹೊರನಾಡು ಎಂಬುದು ಸಮುದ್ರದ ಆಚೆಗೇ ಇರಬೇಕಾಗಿಲ್ಲ. ಬಸ್ಸಿನಲ್ಲಿ ಒಂದೆರಡು ಗಂಟೆ ಕುಳಿತರೆ ಸಾಕು, ರಾಜ್ಯ ಬದಲಾಗುತ್ತದೆ, ಅಂಗಡಿಯ ಫಲಕಗಳ ಅಕ್ಷರ ಬದಲಾಗುತ್ತದೆ, ಕಂಡಕ್ಟರನ ಮಾತು ಬದಲಾಗುತ್ತದೆ. ವಿಚಿತ್ರವೆಂದರೆ, ಈ ಹೊರನಾಡು ಒಂದು ಕಾಲಕ್ಕೆ ನಮ್ಮ ಜಿಲ್ಲೆಯೇ ಆಗಿತ್ತು.

ಅಲಂಪುರದ ಒಂದು ಹಳೆಯ ಮನೆಯನ್ನು ನೆನೆದುಕೊಳ್ಳಿ. 1956ರ ಅಕ್ಟೋಬರ್ ಕಡೆಯ ದಿನದವರೆಗೆ ಆ ಮನೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆ ಜಿಲ್ಲೆಯ ಅಲಂಪುರ, ಗದ್ವಾಲ ತಾಲೂಕುಗಳು ಮಾತ್ರ ಬೇರ್ಪಟ್ಟು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. 2014ರ ಜೂನ್ 2ರಂದು ಅದೇ ಮನೆ ತೆಲಂಗಾಣಕ್ಕೆ ಸೇರಿತು. 2016ರ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯದಾಯಿತು. ಆ ಮನೆಯಲ್ಲಿ ಹುಟ್ಟಿ ಬೆಳೆದ ಅಜ್ಜಿಯೊಬ್ಬಳು ಹೊಸ್ತಿಲು ದಾಟದೆಯೇ ಮೂರು ರಾಜ್ಯಗಳನ್ನೂ ಮೂರು ಜಿಲ್ಲೆಗಳನ್ನೂ ಕಂಡಳು. ಅಂಥ ಅಜ್ಜಿಯ ಮೊಮ್ಮಕ್ಕಳಿಗೆ ಬೇಸಿಗೆಯ ರಜೆಯಲ್ಲಿ ಯಾವ ಊರುಗಳನ್ನು ತೋರಿಸಬೇಕು, ಹೇಗೆ ಸಿದ್ಧರಾಗಿ ಹೊರಡಬೇಕು ಎಂಬುದನ್ನು ಇಲ್ಲಿ ನಿವೇದಿಸಿಕೊಳ್ಳಲು ಬಯಸುತ್ತೇನೆ.

ದಿನಗಳ ಲೆಕ್ಕ

ಮೊದಲು ಪಂಚಾಂಗ, ಅನಂತರ ನಕ್ಷೆ. ಗಡಿನಾಡಿನವರಿಗೆ ಇಲ್ಲೊಂದು ತೊಡಕುಂಟು. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕಡೆಯ ದಿನಗಳವರೆಗೆ ರಜೆ. ತೆಲಂಗಾಣದ ಶಾಲೆಗಳಿಗೆ ಏಪ್ರಿಲ್ ಕಡೆಯ ವಾರದಿಂದ ಜೂನ್ ಎರಡನೆಯ ವಾರದವರೆಗೆ. ರಾಯಚೂರಿನ ಸೋದರಮಾವನ ಮಕ್ಕಳೂ ಗದ್ವಾಲದ ನಮ್ಮ ಮಕ್ಕಳೂ ಕೂಡಿ ಆಡಬೇಕಾದರೆ ಎರಡು ರಜೆಗಳೂ ಒಂದಾಗುವ ಆ ನಾಲ್ಕೈದು ವಾರಗಳೇ ಗತಿ. ಮದುವೆ, ಜಾತ್ರೆಗಳೂ ಅದೇ ವಾರಗಳಲ್ಲಿ ಬರುತ್ತವೆ. ಆದುದರಿಂದ ಯುಗಾದಿಯ ಹೊತ್ತಿಗೇ ನೆಂಟರೊಂದಿಗೆ ಮಾತನಾಡಿ ದಿನ ಗೊತ್ತುಮಾಡಿಕೊಳ್ಳುವುದು ಒಳಿತು. ರೈಲಿನ ಮುಂಗಡ ಟಿಕೀಟು 2024ರ ನವೆಂಬರಿನಿಂದ 60 ದಿನ ಮುಂಚಿತವಾಗಿ ಮಾತ್ರ ದೊರೆಯುತ್ತಿದೆ. ಹಿಂದಿನಂತೆ 120 ದಿನಗಳಲ್ಲ. ಮೇ ನಡುವಿನಲ್ಲಿ ಹೊರಡುವವರು ಮಾರ್ಚಿ ನಡುವಿನಲ್ಲಿ ಎಚ್ಚರವಾಗಿರಬೇಕು.

ಇನ್ನೊಂದು ಸಣ್ಣ ಸಂಗತಿ. ಬಾದಾಮಿ, ಐಹೊಳೆ, ಹಂಪಿಯ ಕಮಲಾಪುರಗಳಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಆ ದಿನವನ್ನು ಪ್ರಯಾಣಕ್ಕೋ ವಿಶ್ರಾಂತಿಗೋ ಇಟ್ಟುಕೊಂಡರೆ ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗುವ ಪ್ರಸಂಗ ಬಾರದು.

ಊರುಗಳ ಪಟ್ಟಿ

ಪಟ್ಟಿ ಬರೆಯುವಾಗ ಎಲ್ಲರ ಉತ್ಸಾಹವೂ ಉಕ್ಕುತ್ತದೆ. ಒಬ್ಬರು ಗೋಕರ್ಣವೆನ್ನುತ್ತಾರೆ, ಇನ್ನೊಬ್ಬರು ಮೈಸೂರೆನ್ನುತ್ತಾರೆ. ಊರುಗಳು ಹೆಚ್ಚಾದಷ್ಟೂ ನೋಡುವುದು ಕಡಿಮೆಯಾಗುತ್ತದೆ. ಬಸ್‌ಸ್ಟ್ಯಾಂಡುಗಳ ನೆನಪು ಮಾತ್ರ ಉಳಿಯುತ್ತದೆ. ಬರೆದ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕುವ ಧೈರ್ಯವೇ ಯೋಜನೆಯ ಮೊದಲ ಮೆಟ್ಟಿಲು. ಒಂಬತ್ತು ದಿನಗಳಿದ್ದರೆ ಐದು ತಂಗುದಾಣಗಳು ಸಾಕು: ಅಲಂಪುರ, ರಾಯಚೂರು, ಮಂತ್ರಾಲಯ, ಹೊಸಪೇಟೆ, ಬಾದಾಮಿ. ಇವುಗಳನ್ನು ಪೋಣಿಸುವ ದಾರವೂ ಅನುಕೂಲವಾಗಿಯೇ ಇದೆ. ಗದ್ವಾಲದಿಂದ ರಾಯಚೂರಿಗೆ 2013ರಲ್ಲಿ ರೈಲುಮಾರ್ಗ ತೆರೆಯಿತು. ಮಕ್ತಲದ ಕಡೆಯವರಿಗೆ 2023ರ ಅಕ್ಟೋಬರಿನಿಂದ ಕೃಷ್ಣಾ ನಿಲ್ದಾಣದವರೆಗೆ ಹೊಸ ಮಾರ್ಗವಾಗಿದೆ. ರಾಯಚೂರಿನಿಂದ ಮಂತ್ರಾಲಯಂ ರೋಡ್, ಗುಂತಕಲ್ಲು, ಬಳ್ಳಾರಿ, ಹೊಸಪೇಟೆ. ಮುಂದೆ ಗದಗಿನಲ್ಲಿ ಗಾಡಿ ಬದಲಾಯಿಸಿದರೆ ಬಾದಾಮಿ. ಹೊಸಪೇಟೆಯವರೆಗಿನ ದಾರಿ ಹೆಚ್ಚುಕಡಿಮೆ ತುಂಗಭದ್ರೆಯ ಹರಿವಿಗೆ ಎದುರಾಗಿ ಸಾಗುತ್ತದೆ. ಹೊಳೆ ನಮ್ಮಲ್ಲಿಗೆ ಬಂದ ದಾರಿಯಲ್ಲಿ ನಾವು ಅದರ ಮೇಲ್ನಾಡಿಗೆ ಹೋದಂತೆ.

ಬಸ್ಸಿನಲ್ಲಿ ಹೋಗುವ ತಾಯಂದಿರಿಗೆ ಒಂದು ಮಾತು. ತೆಲಂಗಾಣದಲ್ಲಿ 2023ರ ಡಿಸೆಂಬರಿನಲ್ಲಿ ಆರಂಭವಾದ ಮಹಿಳೆಯರ ಉಚಿತ ಪ್ರಯಾಣ ರಾಜ್ಯದ ಗಡಿಯವರೆಗೆ ಮಾತ್ರ. ಅದೇ ವರ್ಷದ ಜೂನಿನಲ್ಲಿ ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆ ಅಲ್ಲಿನ ನಿವಾಸಿಗಳಿಗೆ. ನಾವು ಕನ್ನಡದಲ್ಲಿ ಎಷ್ಟು ಇಂಪಾಗಿ ಮಾತನಾಡಿದರೂ ಗುರುತಿನ ಚೀಟಿ ತೆಲಂಗಾಣದ್ದಾದರೆ ಟಿಕೀಟು ಕೊಳ್ಳಲೇಬೇಕು. ಕಂಡಕ್ಟರನೊಂದಿಗೆ ವಾದಿಸಿ ಫಲವಿಲ್ಲ. ಚಿಲ್ಲರೆ ಹಣವನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಉತ್ತಮ.

ಮೊದಲು ನಮ್ಮ ಅಂಗಳ

ಅಲಂಪುರದಲ್ಲಿರುವವರು ಅಲಂಪುರವನ್ನು ಪ್ರವಾಸದ ಪಟ್ಟಿಯಲ್ಲಿ ಏಕೆ ಬರೆಯಬೇಕೆಂದು ಕೇಳಬಹುದು. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಜೋಗುಳಾಂಬೆಗೆ ಕಾಯಿ ಒಡೆಸಿ, ಬಾಲಬ್ರಹ್ಮೇಶ್ವರನಿಗೆ ಕೈಮುಗಿದು ಹಿಂದಿರುಗುತ್ತವೆ. ಸುತ್ತಲಿನ ಉಳಿದ ಗುಡಿಗಳ ಗೋಡೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ತಾರಕ, ಸ್ವರ್ಗ, ಪದ್ಮ, ಬಾಲ, ಗರುಡ, ಕುಮಾರ, ಅರ್ಕ, ವೀರ, ವಿಶ್ವ ಎಂಬ ಒಂಬತ್ತು ಬ್ರಹ್ಮರ ಹೆಸರಿನಲ್ಲಿರುವ ಇವೆಲ್ಲವೂ ಶಿವಾಲಯಗಳು. ಏಳು ಎಂಟನೆಯ ಶತಮಾನಗಳಲ್ಲಿ ಬಾದಾಮಿಯ ಚಾಲುಕ್ಯರ ಆಳ್ವಿಕೆಯಲ್ಲಿ ಎದ್ದವು. ತಾರಕಬ್ರಹ್ಮವನ್ನು ಬಿಟ್ಟರೆ ಉಳಿದವುಗಳದು ಉತ್ತರದ ರೇಖಾನಾಗರ ಶೈಲಿ. ಶಿಖರ ಬಾಗಿಬಾಗಿ ಮೇಲೇರಿ ನೆಲ್ಲಿಕಾಯಿಯಂಥ ಆಮಲಕದಲ್ಲಿ ಮುಗಿಯುತ್ತದೆ. ಸ್ವರ್ಗಬ್ರಹ್ಮದಲ್ಲಿ ವಿನಯಾದಿತ್ಯನ ಕಾಲದ ಶಾಸನವಿದೆ. ಮುಂದೆ ಕಲ್ಯಾಣದ ಚಾಲುಕ್ಯರು ಇಲ್ಲಿ ಬರೆಯಿಸಿದ ಕನ್ನಡ ಶಾಸನಗಳೂ ಉಂಟು.

ಮಕ್ಕಳು ಸ್ವರ್ಗಬ್ರಹ್ಮದ ಶಿಖರವನ್ನು ಒಮ್ಮೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ; ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಆರೇಳು ದಿನಗಳ ಅನಂತರ ಪಟ್ಟದಕಲ್ಲಿನಲ್ಲಿ ಗಳಗನಾಥನ ಗುಡಿಯ ಮುಂದೆ ನಿಂತಾಗ ಆ ಚಿತ್ರವನ್ನು ತೆರೆಯಲಿ. ಅದೇ ಬಾಗು, ಅದೇ ಆಮಲಕ! 'ಇದು ನಮ್ಮೂರಿನದು' ಎಂದು ಮಗು ತಾನಾಗಿ ಹೇಳುತ್ತದೆ. ಮಾರ್ಗದರ್ಶಿಯ ನೂರು ಮಾತು ಮಾಡಲಾರದ ಕೆಲಸವನ್ನು ಆ ಒಂದು ಗುರುತು ಮಾಡುತ್ತದೆ. ಅಲ್ಲಿಯೇ ಸಮೀಪದಲ್ಲಿ, 740ರ ಸುಮಾರಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ದಕ್ಷಿಣದ ಶೈಲಿಯಲ್ಲಿ ನಿಂತಿದೆ. ಎರಡೂ ಶೈಲಿಗಳು ಒಂದೇ ಅಂಗಳದಲ್ಲಿ ಬಾಳಿದುದನ್ನು ಕಂಡ ಗಡಿನಾಡಿನ ಮಗುವಿಗೆ ಎರಡು ಭಾಷೆಗಳ ಮನೆಯಲ್ಲಿ ಬೆಳೆಯುವುದು ಕೊರತೆಯೆಂದು ಅನಿಸಲಾರದು.

ಅಲಂಪುರವನ್ನು ನೋಡಿದವರಿಗೆ ರಾಯಚೂರಿನ ಕೋಟೆಯೂ ಬೇರೆಯಾಗಿ ಕಾಣುತ್ತದೆ. ಅಲ್ಲಿನ ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 12 ಮೀಟರ್ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲಿಟ್ಟು ಕೋಣಗಳ ಸಾಲಿನಿಂದ ಎಳೆಯಿಸಿದ ಚಿತ್ರವೂ ಹತ್ತಿರದ ಗೋಡೆಯ ಮೇಲಿದೆ. ಇಂದಿನ ತೆಲಂಗಾಣದ ಅಲಂಪುರದಲ್ಲಿ ಕನ್ನಡ ಶಾಸನ, ಇಂದಿನ ಕರ್ನಾಟಕದ ರಾಯಚೂರಿನಲ್ಲಿ ತೆಲುಗು ಶಾಸನ! ಕಲ್ಲು ಯಾವ ರಾಜ್ಯದ್ದೆಂದು ಜಗಳವಾಡುವವರು ಈ ಎರಡು ಕಲ್ಲುಗಳನ್ನು ಒಂದೇ ವಾರದಲ್ಲಿ ನೋಡಬೇಕು.

ಗಂಟು ಮೂಟೆ

ಈಗ ಸಾಮಾನಿನ ಮಾತು. 2009ರ ಅಕ್ಟೋಬರಿನ ಮಹಾಪೂರದಲ್ಲಿ ತುಂಗಭದ್ರೆ ಮಂತ್ರಾಲಯ, ಕರ್ನೂಲು, ಅಲಂಪುರಗಳಿಗೆ ನುಗ್ಗಿದುದನ್ನು ಹಿರಿಯರು ಮರೆತಿಲ್ಲ. ಏರುತ್ತಿರುವ ನೀರನ್ನು ಕಂಡು ಮನೆ ಬಿಡುವಾಗ ಮನುಷ್ಯನು ಮೊದಲು ಕೈಗೆತ್ತಿಕೊಳ್ಳುವುದು ಮಕ್ಕಳನ್ನು, ಮುದುಕರನ್ನು, ಕಾಗದಪತ್ರಗಳನ್ನು. ಉಳಿದುದೆಲ್ಲ ಅನಂತರದ್ದು. ಸುಖದ ಪ್ರಯಾಣಕ್ಕೂ ಇದೇ ಕ್ರಮ ಸಲ್ಲುತ್ತದೆ. ಮೊದಲು ಮಕ್ಕಳ ಮತ್ತು ಮುದುಕರ ಅಗತ್ಯಗಳು, ಅನಂತರ ಕಾಗದಪತ್ರಗಳು, ಕಡೆಗೆ ಬಟ್ಟೆಬರೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ದಾರಿಯುದ್ದಕ್ಕೂ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಬೆಳಗಿನ 6ರಿಂದ 10ರವರೆಗೆ, ಸಂಜೆ ನಾಲ್ಕೂವರೆಯ ಅನಂತರ ಮಾತ್ರ ಗುಡಿಗಳ ದರ್ಶನ, ನಡುಹಗಲು ನೆರಳಿನಲ್ಲಿ. ಹಿರಿಯರ ದಿನನಿತ್ಯದ ಔಷಧಿಗಳನ್ನು ಎರಡು ಭಾಗ ಮಾಡಿ ಎರಡು ಚೀಲಗಳಲ್ಲಿಡಬೇಕು. ಒಂದು ಕಳೆದರೂ ಇನ್ನೊಂದಿರುತ್ತದೆ. ಓಆರ್‌ಎಸ್ ಪುಡಿಯ ಕೆಲವು ಪೊಟ್ಟಣಗಳು, ಒಂದು ಥರ್ಮಾಸು, ತಲೆಗೆ ಸುತ್ತಿಕೊಳ್ಳಲು ತೆಳುವಾದ ಟವಲು, ಪ್ರತಿಯೊಬ್ಬರಿಗೂ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ. ಬೇಸಿಗೆಯಲ್ಲಿ ಕಾಲುಚೀಲವೇಕೆಂದು ನಗಬೇಡಿ. ಚಪ್ಪಲಿ ಬಿಟ್ಟು ಕಾಯ್ದ ಹಾಸುಗಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟವರಿಗೆ ಅದರ ಬೆಲೆ ತಿಳಿಯುತ್ತದೆ.

ಊಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಬುತ್ತಿಯನ್ನು ಮೀರಿಸುವುದು ಯಾವುದೂ ಇಲ್ಲ. ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ, ಶೇಂಗಾ ಹೋಳಿಗೆ: ಇವು ಬಿಸಿಲಿಗೆ ಬೇಗ ಕೆಡುವುದಿಲ್ಲ. ಅನ್ನದ ಪದಾರ್ಥಗಳು ಮೊದಲ ದಿನ ಮಧ್ಯಾಹ್ನದೊಳಗೆ ಮುಗಿಯಬೇಕು. ಬಾದಾಮಿಗೆ ಹೋದ ದಿನ ಬುತ್ತಿಯ ಚಿಂತೆ ಬೇಡ. ಹತ್ತಿರದ ಬನಶಂಕರಿಯಲ್ಲಿ ಗುಡಿಯ ಬಳಿ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರುಗಳನ್ನು ಬುಟ್ಟಿಯಲ್ಲಿ ತಂದು ಬಡಿಸುವ ತಾಯಂದಿರಿದ್ದಾರೆ. 'ಬರ್ರೀ ಯಕ್ಕಾ, ಉಣ್ಣಬರ್ರೀ' ಎಂಬ ಅವರ ಕರೆಯೇ ಅರ್ಧ ಹಸಿವನ್ನು ತಣಿಸುತ್ತದೆ.

ಬಟ್ಟೆಯಲ್ಲಿ ಕಡಿಮೆಯೇ ಲೇಸು. ಒಬ್ಬರಿಗೆ ನಾಲ್ಕು ಜೊತೆ. ಸಂಜೆ ಒಗೆದರೆ ಬೆಳಗಾಗುವಷ್ಟರಲ್ಲಿ ಒಣಗುತ್ತವೆ. ಯಾರ ಚೀಲವನ್ನು ಅವರೇ ಹೊತ್ತು ಎರಡು ಮಹಡಿ ಹತ್ತಲು ಸಾಧ್ಯವಾಗಬೇಕು, ಇದೇ ತಕ್ಕಡಿ. ತಂಗುವ ಮನೆಯ ಹೆಂಗಸರಿಗೆ ಉಡುಗೊರೆಯಾಗಿ ಒಂದು ನಾರಾಯಣಪೇಟೆ ಸೀರೆ ಒಯ್ಯಿರಿ. ಹಿಂದಿರುಗುವಾಗ ಇಳಕಲ್ಲಿನ ಮೇಲೆ ಬರುವುದಾದರೆ ಚೀಲದಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ. ನಾರಾಯಣಪೇಟೆ, ಗದ್ವಾಲ, ಇಳಕಲ್ಲುಗಳ ಸೀರೆಗಳ ಅಂಚುಗಳು ಬೇರೆ ಬೇರೆ. ಸೀರೆಗೆ ಸೊಗಸು ಬರುವುದು ಅಂಚಿನಿಂದಲೇ ಎಂಬುದು ಅಂಚಿನಲ್ಲಿ ವಾಸಿಸುವ ನಮಗೆ ಸಮಾಧಾನದ ಮಾತು.

ತೂಕವಿಲ್ಲದ ಸಾಮಾನು

ಎಲ್ಲವನ್ನೂ ಕಟ್ಟಿದ ಮೇಲೆ ಒಂದು ಸಾಮಾನು ಉಳಿದುಬಿಡುವುದುಂಟು. ಅದಕ್ಕೆ ತೂಕವಿಲ್ಲ, ಜಾಗವೂ ಬೇಡ. ಆದರೂ ಬಹಳ ಮನೆಗಳಲ್ಲಿ ಅದು ಹಿಂದೆ ಉಳಿಯುತ್ತದೆ. ಅದೆಂದರೆ ಕನ್ನಡದ ಅಕ್ಷರಮಾಲೆ. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಶಾಲೆಯಲ್ಲಿ ತೆಲುಗನ್ನೂ ಇಂಗ್ಲಿಷನ್ನೂ ಓದುತ್ತಾರೆ. ಅಜ್ಜಿಯ ಭಾಷೆ ಕಿವಿಯಲ್ಲುಂಟು, ಕಣ್ಣಿನಲ್ಲಿಲ್ಲ. ಇಂಥ ಮಗು ರಾಯಚೂರಿನಲ್ಲಿ ಇಳಿದಾಗ ಸುತ್ತಲಿನ ಮಾತೆಲ್ಲ ತಿಳಿಯುತ್ತದೆ, ಫಲಕವೊಂದೂ ಓದಲು ಬರುವುದಿಲ್ಲ. ಸೋದರಮಾವನ ಮಕ್ಕಳ ಮುಂದೆ ಅದು ಮುದುಡಿಕೊಳ್ಳುತ್ತದೆ. ಕ್ರಮೇಣ ಆ ಊರಿಗೆ ಹೋಗುವುದೇ ಬೇಡವೆನ್ನುತ್ತದೆ. ಒಂದು ತಲೆಮಾರಿನಲ್ಲಿ ನೆಂಟಸ್ತಿಕೆ ತೆಳುವಾಗುವುದು ಹೀಗೆಯೇ.

ಇದಕ್ಕೆ ಪರಿಹಾರ ಕಷ್ಟಸಾಧ್ಯವಲ್ಲ. ಚಾಲುಕ್ಯರ ಕಾಲದಲ್ಲಿ ಕನ್ನಡ, ತೆಲುಗುಗಳಿಗೆ ಲಿಪಿ ಒಂದೇ ಆಗಿತ್ತು. ಶತಮಾನಗಳ ಅನಂತರ ಎರಡೂ ಬೇರೆ ಬೇರೆ ರೂಪ ತಳೆದವು. ಇಂದಿಗೂ ಗ, ದ, ನ, ಬ, ರ, ಲ ಮೊದಲಾದ ಅಕ್ಷರಗಳು ಒಡಹುಟ್ಟಿದವರಂತೆ ಕಾಣುತ್ತವೆ. ತೆಲುಗಿನ ತಲೆಕಟ್ಟು ಸರಿಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ, ಕನ್ನಡದ ತಲೆಕಟ್ಟು ಅಡ್ಡವಾಗಿ ಚಾಚುತ್ತದೆ. ಕ, ತ, ಶ ಇಂಥ ಕೆಲವನ್ನೂ ದೀರ್ಘಸ್ವರಗಳ ಗುರುತುಗಳನ್ನೂ ಬೇರೆಯಾಗಿ ಕಲಿಸಬೇಕು. ತೆಲುಗು ಬಲ್ಲ ಮಗುವಿಗೆ ಪ್ರವಾಸಕ್ಕೆ ಮುಂಚೆ ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕೂಡಿಸಿಕೊಂಡರೆ ಸಾಕು, ಊರ ಹೆಸರುಗಳನ್ನು ಓದತೊಡಗುತ್ತದೆ. ಶಿಕ್ಷಕರ ತರಬೇತಿಯಲ್ಲಿ ಕಲಿತ ಒಂದು ಸೂತ್ರ ಇಲ್ಲಿ ನೆನಪಾಗುತ್ತದೆ: ತಿಳಿದುದರಿಂದ ತಿಳಿಯದುದರ ಕಡೆಗೆ. ರೈಲಿನ ಕಿಟಕಿಯ ಪಕ್ಕದ ಆಸನವನ್ನು ಆ ಮಗುವಿಗೆ ಬಿಟ್ಟುಕೊಡಿ. ನಿಲ್ದಾಣದ ಹೆಸರನ್ನು ಎಲ್ಲರಿಗಿಂತ ಮೊದಲು ಓದುವ ಅಧಿಕಾರ ಅದರದಾಗಲಿ.

ಎರಡು ಸಂಗಮಗಳು

ಪ್ರವಾಸದ ಕಡೆಯ ಊರು ಕೂಡಲಸಂಗಮವಾಗಲೆಂಬುದು ನನ್ನ ಬಿನ್ನಹ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗಳನ್ನು ಒಂದು ದಿನ ಬಾಡಿಗೆಯ ಟಂಟಂನಲ್ಲಿ ನೋಡಿಕೊಂಡು, ಮರುದಿನ ಸಂಗಮವನ್ನು ಕಂಡು, ಹುನಗುಂದ, ಇಳಕಲ್ಲು, ಲಿಂಗಸುಗೂರು ಮಾರ್ಗವಾಗಿ ರಾಯಚೂರಿಗೆ ಮರಳಬಹುದು.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಅಲಂಪುರದ ಕೆಳಗೆ, ಕೂಡವೆಲ್ಲಿಯಲ್ಲಿ, ತುಂಗಭದ್ರೆ ಅದೇ ಕೃಷ್ಣೆಯನ್ನು ಸೇರುತ್ತಾಳೆ. ಎರಡು ಕಡೆಯೂ ಸಂಗಮೇಶ್ವರನ ಗುಡಿ. ಎರಡು ಕಡೆಯೂ ನಮ್ಮ ಕಾಲದ ಜಲಾಶಯಗಳ ಹಿನ್ನೀರು ಏರಿಬಂತು. ಆದರೆ ಎರಡೂ ಊರುಗಳವರು ಅದನ್ನು ಎದುರಿಸಿದ ಬಗೆ ಬೇರೆ. ಶ್ರೀಶೈಲದ ಅಣೆಕಟ್ಟು 1980ರ ದಶಕದ ಆರಂಭದಲ್ಲಿ ಸಿದ್ಧವಾದಾಗ ಕೃಷ್ಣೆ, ತುಂಗಭದ್ರೆಗಳ ದಡದ ಹಲವಾರು ಹಳ್ಳಿಗಳು ಮನೆ ಬಿಚ್ಚಿ ಗಾಡಿ ಕಟ್ಟಬೇಕಾಯಿತು. ಕೂಡವೆಲ್ಲಿಯ ಚಾಲುಕ್ಯರ ಗುಡಿಯನ್ನೂ ಉಳಿಸಲು ಬೇರೆ ದಾರಿಯಿರಲಿಲ್ಲ. ಕಲ್ಲು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಹೊತ್ತು ತಂದು ಅಲಂಪುರದಲ್ಲಿ ಮತ್ತೆ ಜೋಡಿಸಿದರು. ಇಂದು ಅದನ್ನು ನೋಡುವವರಿಗೆ ಅದು ಪ್ರಯಾಣ ಮಾಡಿದ ಗುಡಿಯೆಂದು ತೋರುವುದಿಲ್ಲ. ಕೂಡಲಸಂಗಮದಲ್ಲಿ ನಾರಾಯಣಪುರದ ಬಸವಸಾಗರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸಲಿಲ್ಲ. ಅದರ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದರು. ನೀರು ಹೊರಗೆ ನಿಂತಿರುತ್ತದೆ; ಭಕ್ತರು ಮೆಟ್ಟಿಲಿಳಿದು ಒಳಗೆ ದರ್ಶನ ಪಡೆಯುತ್ತಾರೆ.

ಗಡಿಯಲ್ಲಿ ಬದುಕುವ ಕುಟುಂಬಗಳಿಗೆ ಈ ಎರಡೂ ಉಪಾಯಗಳು ಬೇಕಾಗುತ್ತವೆ. ಕೆಲವನ್ನು ಗುರುತು ಹಾಕಿ ಜೊತೆಯಲ್ಲಿ ಹೊತ್ತೊಯ್ಯಬೇಕು: ಅಡಿಗೆಯ ರುಚಿ, ಹಬ್ಬದ ಹಾಡು, ಅಜ್ಜಿಯ ಮಾತು. ಇವನ್ನು ಹೈದರಾಬಾದಿನಲ್ಲಾಗಲಿ ಅಮೆರಿಕದಲ್ಲಾಗಲಿ ಬಿಚ್ಚಿ ಮತ್ತೆ ಜೋಡಿಸಬಹುದು. ಕೆಲವನ್ನು ಕದಲಿಸಲಾಗದು, ಅವು ಇದ್ದಲ್ಲಿಯೇ ಇರುತ್ತವೆ, ನಾವು ಮೆಟ್ಟಿಲಿಳಿದು ಹೋಗಿ ನೋಡಿಬರಬೇಕು. ಸ್ವರ್ಗಬ್ರಹ್ಮದ ಶಿಖರ, ರಾಯಚೂರಿನ ಕಲ್ಲು, ಬಾದಾಮಿಯ ಗುಹೆ, ನದಿಗಳ ಕೂಡಲು ಇಂಥವು. ಯಾವುದನ್ನು ಒಯ್ಯಬೇಕು, ಯಾವುದಕ್ಕಾಗಿ ಹೋಗಬೇಕು ಎಂಬುದು ತಿಳಿದವರ ಗಂಟು ಹಗುರವಾಗಿರುತ್ತದೆ.

ಈ ಬೇಸಿಗೆಯಲ್ಲಿ ಹೊರಡುವವರು ಹೋಗುವ ಮುನ್ನ ಮನೆಯ ನೀರಿನ ನಲ್ಲಿ, ಗ್ಯಾಸು, ಕಿಟಕಿಗಳನ್ನು ನೋಡಿಕೊಳ್ಳಿ; ನೆರೆಯವರಿಗೆ ಕೀಲಿಕೈ ಕೊಟ್ಟು ತುಳಸಿಗೆ ನೀರು ಹಾಕಲು ಹೇಳಿ. ಅಕ್ಷರಮಾಲೆಯ ಆ ಒಂದು ಹಾಳೆ ಮಗುವಿನ ಚೀಲದಲ್ಲಿ ಇದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ. ಪ್ರಯಾಣ ಸುಖಕರವಾಗಲಿ.